ಲ್ಯಾಟಿನ್ ಗಾದೆಗಳನ್ನು ಕನ್ನಡದ ಮೂಲಕ ಕಲಿಯುವ ಬಗೆ

ಕಾನೂನು ಓದುವವರಿಗೆ ಮೊದಲ ವರ್ಷದಲ್ಲೇ ಲ್ಯಾಟಿನ್ ಸೂಕ್ತಿಗಳ ಪಟ್ಟಿಯೊಂದು ಕೈಗೆ ಬರುತ್ತದೆ. ಎಡಗಡೆ ಲ್ಯಾಟಿನ್, ಬಲಗಡೆ ಇಂಗ್ಲಿಷ್ ಅರ್ಥ. ಮಾಟುಂಗಾದಲ್ಲಿ ಭಾನುವಾರ ನನ್ನ ಬಳಿ ಪಾಠಕ್ಕೆ ಬರುವ ಕನ್ನಡದ ಮಕ್ಕಳಲ್ಲಿ ಹೆಚ್ಚಿನವರು ಹಗಲು ಹೋಟೆಲಿನಲ್ಲೋ ಅಂಗಡಿಯಲ್ಲೋ ದುಡಿಯುತ್ತಾರೆ, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಆ ಪಟ್ಟಿಯನ್ನು ಉರು ಹೊಡೆಯುತ್ತಾರೆ. ಪರೀಕ್ಷೆ ಮುಗಿದ ವಾರಕ್ಕೆ ಎಡವೂ ಬಲವೂ ಮರೆತುಹೋಗುತ್ತವೆ. ಮುಂಬಯಿಯಲ್ಲಿ ವಕೀಲಿಕೆ ಮಾಡುತ್ತಿರುವ ನಾನು ಅವರಿಗೆ ಹೇಳುವುದಿಷ್ಟು: ಬಲಗಡೆಯ ಸಾಲನ್ನು ಮುಚ್ಚಿಡಿ, ಲ್ಯಾಟಿನ್ನಿನಿಂದ ನೇರವಾಗಿ ಕನ್ನಡಕ್ಕೆ ಬನ್ನಿ.

ಲ್ಯಾಟಿನ್ ವಿಭಕ್ತಿಗಳ ಭಾಷೆ. ಯಾರು, ಯಾರನ್ನು, ಯಾರದು ಎಂಬುದನ್ನೆಲ್ಲ ಪದದ ಕೊನೆಯೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಬಹುಪಾಲು ಪದದ ಜಾಗ ಮಾಡುತ್ತದೆ. ಅನ್ನು, ಇಂದ, ಗೆ, ಅಲ್ಲಿಗಳ ಜೊತೆ ಬೆಳೆದವರಿಗೆ ಲ್ಯಾಟಿನ್ ವಾಕ್ಯದ ನಡೆ ಅಷ್ಟೇನೂ ಅಪರಿಚಿತವಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ್ದೇವೆಂದು ತಲೆ ತಗ್ಗಿಸುವವರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

‘ಮನುಸ್ ಮನುಮ್ ಲವತ್’ ಎಂಬ ಗಾದೆಯಿಂದ ಆರಂಭಿಸಿ. ಮನುಸ್ ಎಂದರೆ ಕೈ. ಅದೇ ಪದ ಮನುಮ್ ಆದಾಗ ‘ಕೈಯನ್ನು’. ಲವತ್ ಎಂದರೆ ತೊಳೆಯುತ್ತದೆ. ಕೈ ಕೈಯನ್ನು ತೊಳೆಯುತ್ತದೆ. ಒಂದು ಪದವೂ ಜಾಗ ಬಿಟ್ಟು ಕದಲಬೇಕಾಗಿಲ್ಲ. ಕ್ರಿಯಾಪದ ಕೂಡ ನಮ್ಮಲ್ಲಿಯಂತೆ ಕೊನೆಯಲ್ಲೇ ಇದೆ. ಇನ್ನು ಮುಂದೆ ಪದದ ಕೊನೆಯಲ್ಲಿ ‘ಮ್’ ಕಂಡಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆದು, ಅದರ ಮೇಲೆ ‘ಅನ್ನು’ ಎಂದು ಬರೆಯಿರಿ. ‘ಗುತ್ತ ಕವತ್ ಲಪಿದೆಮ್’: ಹನಿ ಕೊರೆಯುತ್ತದೆ ಕಲ್ಲನ್ನು. ‘ಕಾರ್ಪೆ ದಿಯೆಮ್’: ಕೊಯ್ದುಕೋ ದಿನವನ್ನು. ಇದು ಹೊರೇಸ್ ಕವಿಯ ಮಾತು. ಹಣ್ಣನ್ನೋ ಹೂವನ್ನೋ ಬಿಡಿಸಿಕೊಳ್ಳುವ ಕ್ರಿಯೆ ಅದರಲ್ಲಿದೆ. ಒಂದು ಎಚ್ಚರಿಕೆ: ಯುದ್ಧ ಎಂಬರ್ಥದ ‘ಬೆಲ್ಲುಮ್’ನಂಥ ನಪುಂಸಕಲಿಂಗದ ಪದಗಳು ಕರ್ತೃವಾದಾಗಲೂ ‘ಮ್’ನಲ್ಲೇ ಮುಗಿಯುತ್ತವೆ. ಅಲ್ಲಿ ಕ್ರಿಯಾಪದ ನೋಡಿ ತೀರ್ಮಾನಿಸಬೇಕು.

ಕ್ರಿಯಾಪದ ಬಿಡಿಸಲು ಕಲಿತರೆ ಕೋರ್ಟಿನ ಪದಗಳೂ ಬಾಯಿ ಬಿಡುತ್ತವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಸಲ್ಲಿಸುವ ‘ಕೇವಿಯಟ್’ ಈಗ, ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ಕೋರುವ ಅರ್ಜಿಯ ಹೆಸರು. ಮೂಲದಲ್ಲಿ ಅದು ನಮ್ಮ ‘ಅಲಿ’ ಪ್ರತ್ಯಯದಂಥ ರೂಪ: ಎಚ್ಚರದಿಂದಿರಲಿ. ‘ಕೇವಿಯಟ್ ಎಂಪ್ಟರ್’ ಎಂದರೆ ಕೊಳ್ಳುವವನು ಎಚ್ಚರದಿಂದಿರಲಿ. ಕರ್ತವ್ಯ ಮಾಡೆಂದು ಅಧಿಕಾರಿಗಳಿಗೆ ಕೋರ್ಟು ಹೊರಡಿಸುವ ರಿಟ್ ಆದೇಶ ‘ಮ್ಯಾಂಡಮಸ್’ ಎಂದರೆ ಆಜ್ಞಾಪಿಸುತ್ತೇವೆ.

ಪದ ಬಿಡಿಸಿದ ಮೇಲೆ, ಈ ಮಾತನ್ನು ಯಾರು ಯಾರಿಗೆ ಯಾಕೆ ಹೇಳಿದರು ಎಂದು ಹುಡುಕಿ. ಪಟ್ಟಿಗಳು ಮುಚ್ಚಿಡುವುದು ಇದನ್ನೇ. ಕೈ ಕೈಯನ್ನು ತೊಳೆಯುವ ಗಾದೆ ಕೇಳಲು ಪರೋಪಕಾರದಂತಿದೆ. ಆದರೆ ರೋಮನ್ ಲೇಖಕ ಸೆನೆಕನ ವಿಡಂಬನೆಯಲ್ಲಿ ಅದನ್ನು ಆಡುವವನು ಹರ್ಕ್ಯುಲಿಸ್. ಸತ್ತ ಚಕ್ರವರ್ತಿ ಕ್ಲಾಡಿಯಸ್‌ನನ್ನು ದೇವರನ್ನಾಗಿ ಮಾಡಬೇಕೋ ಬೇಡವೋ ಎಂದು ದೇವತೆಗಳ ಸಭೆ ಸೇರಿದೆ. ಹರ್ಕ್ಯುಲಿಸ್ ಅತ್ತಿಂದಿತ್ತ ಓಡಾಡಿ, ಇದು ನನ್ನ ಕೆಲಸ ನಡೆಸಿಕೊಡು, ಮುಂದೆ ನಿನಗೇನಾದರೂ ಬೇಕಾದರೆ ನಾನಿದ್ದೇನೆ ಎಂದು ಮತ ಕೇಳುತ್ತಾನೆ. ವಶೀಲಿಯ ಮಾತದು. ‘ವೋಕ್ಸ್ ಪೊಪುಲಿ, ವೋಕ್ಸ್ ದೇಯಿ’, ಅಂದರೆ ಜನತೆಯ ದನಿ ದೇವರ ದನಿ, ಚುನಾವಣೆ ಬಂದಾಗಲೆಲ್ಲ ಕೇಳಿಬರುತ್ತದೆ. ಎಂಟನೆಯ ಶತಮಾನದ ಕೊನೆಯಲ್ಲಿ ವಿದ್ವಾಂಸ ಆಲ್ಕ್ವಿನ್, ದೊರೆ ಶಾರ್ಲಮೇನ್‌ಗೆ ಬರೆದ ಪತ್ರದಲ್ಲಿ ಹೀಗೆ ಹೇಳುವವರ ಮಾತಿಗೆ ಕಿವಿಗೊಡಬೇಡಿ, ಗುಂಪಿನ ಗದ್ದಲ ಹುಚ್ಚಿಗೆ ಹತ್ತಿರ ಎಂದಿದ್ದಾನೆ. ಇಂಥ ಮಾತನ್ನು ವಾದದಲ್ಲಿ ಬಳಸುವ ಮೊದಲು ಅದರ ಹಿನ್ನೆಲೆ ಗೊತ್ತಿರಬೇಕು, ಎದುರು ವಕೀಲರಿಗೂ ಅದು ಗೊತ್ತಿರಬಹುದು.

ಕನ್ನಡದ ಗಾದೆಯೊಂದಿಗೆ ಗಂಟು ಹಾಕುವಾಗ ಅವಸರ ಬೇಡ. ಹನಿ ಕಲ್ಲು ಕೊರೆಯುವ, ರೋಮನ್ ಕವಿ ಓವಿಡ್‌ನ ಮಾತಿಗೆ ‘ಹನಿ ಹನಿ ಕೂಡಿದರೆ ಹಳ್ಳ’ ಎಂದು ಎಲ್ಲರೂ ಬರೆಯುತ್ತಾರೆ. ಹಳ್ಳದ ಗಾದೆ ಕೂಡಿಸುವುದನ್ನು ಹೇಳುತ್ತದೆ, ಓವಿಡ್‌ನದು ಸವೆಸುವುದನ್ನು. ಬಾವಿಕಟ್ಟೆಯ ಕಲ್ಲಿನ ಮೇಲೆ ಹಗ್ಗ ಕೊರೆದ ಗೆರೆಯನ್ನು ನೆನೆದರೆ ಅರ್ಥ ಸರಿಯಾಗಿ ಕೂರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತನ್ನು ‘ಆಡಿ ಆಲ್ಟರಮ್ ಪಾರ್ಟೆಮ್’ಗೆ ಕೊಡಿ. ಆಡಿ ಎಂದರೆ ಕೇಳು. ಉಳಿದ ಎರಡು ಪದಗಳೂ ‘ಮ್’ನಲ್ಲಿ ಮುಗಿಯುತ್ತವೆ, ಆದ್ದರಿಂದ ಅವು ಜೋಡಿ: ಇನ್ನೊಂದು ಪಕ್ಷವನ್ನು. ನೋಟ್‌ಬುಕ್ಕಿನಲ್ಲಿ ಒಂದು ಸೂಕ್ತಿಗೆ ಒಂದು ಪುಟ ಇಟ್ಟು, ಕೆಳಗೆ ಒಂದು ಮೊಕದ್ದಮೆ ಬರೆಯಿರಿ. ಇದಕ್ಕೆ ನಮ್ಮ ಊರಿನದೇ ಇದೆ: ಓಲ್ಗಾ ಟೆಲ್ಲಿಸ್ ಪ್ರಕರಣ, 1985. ಮುಂಬಯಿ ಮಹಾನಗರಪಾಲಿಕೆಯ ಕಾಯಿದೆಯ 314ನೆಯ ಕಲಮು ಕಾಲುದಾರಿಯ ಒತ್ತುವರಿಯನ್ನು ನೋಟಿಸ್ ಇಲ್ಲದೆ ತೆಗೆಸುವ ಅಧಿಕಾರವನ್ನು ಆಯುಕ್ತರಿಗೆ ಕೊಡುತ್ತದೆ. ತೆಗೆಸಬಹುದು ಎಂದಿದೆಯೇ ಹೊರತು ನೋಟಿಸ್ ಕೊಡಲೇಬಾರದು ಎಂದಿಲ್ಲ, ಸಾಮಾನ್ಯವಾಗಿ ಕಾಲುದಾರಿಯಲ್ಲಿ ಬದುಕುವವರ ಮಾತನ್ನೂ ಕೇಳಬೇಕು ಎಂದಿತು ಸುಪ್ರೀಂ ಕೋರ್ಟ್. ತೆರವನ್ನು ಅದು ಪೂರ್ತಿ ತಡೆಯಲಿಲ್ಲ. ಮಳೆಗಾಲ ಕಳೆಯಲೆಂದು ಅಕ್ಟೋಬರ್ 31ರವರೆಗೆ ಅವಧಿ ಕೊಟ್ಟಿತು. ಈ ಪುಟವನ್ನು ಬರೆದ ವಿದ್ಯಾರ್ಥಿ ಆ ಮೂರು ಪದಗಳನ್ನು ಮರೆತದ್ದನ್ನು ನಾನು ನೋಡಿಲ್ಲ.

ಉಚ್ಚಾರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ರೋಮನ್ನರ ಬಾಯಲ್ಲಿ ‘ಔದಿ’ ಆಗಿದ್ದದ್ದು ನಮ್ಮ ಕೋರ್ಟುಗಳಲ್ಲಿ ‘ಆಡಿ’. ಕೋರ್ಟಿನಲ್ಲಿ ಕೋರ್ಟಿನಂತೆ ಹೇಳಿ, ಕಾಗುಣಿತವನ್ನು ಮಾತ್ರ ತಪ್ಪದೆ ಬರೆಯಿರಿ.

ಅಭ್ಯಾಸಕ್ಕೆ ನಗರದಲ್ಲೇ ಎರಡು ವಾಕ್ಯಗಳಿವೆ. ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿನ ಮಹಾನಗರಪಾಲಿಕೆಯ ಕಟ್ಟಡದ ಮೇಲಿರುವ ರೆಕ್ಕೆಯ ಹೆಣ್ಣಿನ ಪ್ರತಿಮೆ ಪ್ರತಿನಿಧಿಸುವುದು ‘ಉರ್ಬ್ಸ್ ಪ್ರೀಮಾ ಇನ್ ಇಂಡಿಸ್’ ಎಂಬ ಮಾತನ್ನು. ಉರ್ಬ್ಸ್ ಎಂದರೆ ನಗರ, ಪ್ರೀಮಾ ಎಂದರೆ ಮೊದಲನೆಯದು, ಇನ್ ಇಂಡಿಸ್ ಎಂದರೆ ಇಂಡಿಯಾದಲ್ಲಿ. ಕ್ರಿಯಾಪದವಿಲ್ಲ, ಕನ್ನಡಕ್ಕೂ ಅದು ಬೇಕಾಗಿಲ್ಲ. ಧೋಬಿ ತಲಾವ್‌ನ ಸೇಂಟ್ ಝೇವಿಯರ್ಸ್ ಕಾಲೇಜಿನ ಧ್ಯೇಯವಾಕ್ಯ ‘ಪ್ರೊವೊಕಾನ್ಸ್ ಆದ್ ವೊಲಾಂದುಮ್’. ಬೈಬಲಿನಲ್ಲಿ ಮರಿಗಳನ್ನು ಹಾರಲು ಹುರಿದುಂಬಿಸುವ ಹದ್ದಿನ ವರ್ಣನೆಯದು. ಇಲ್ಲಿ ‘ಮ್’ ಇದೆ, ಆದರೆ ಮುಂದೆ ‘ಆದ್’ ಇರುವುದರಿಂದ ‘ಅನ್ನು’ ಬದಲು ‘ಕ್ಕೆ’ ಬರುತ್ತದೆ: ಹಾರುವುದಕ್ಕೆ. ಇವೆರಡನ್ನೂ ಇಂಗ್ಲಿಷ್ ನೋಡದೆ ಬಿಡಿಸಲು ಬಂದ ಮೇಲೆ ಪಟ್ಟಿಯ ಉಳಿದ ಭಾಗಕ್ಕೆ ಕೈ ಹಾಕಿ.