ಮುರಿದ ಆಂಟೆನಾ ಬಿಚ್ಚಿದ ಕಥೆ

ನಮ್ಮ 1998ರ ಮಾರುತಿ 800ರ ಎಡ ಮಡ್‌ಗಾರ್ಡ್ ಮೇಲೆ, ಹಿಂದಿನ ಮಾಲೀಕರು ಕೂರಿಸಿದ್ದ ಎಳೆದು ಉದ್ದ ಮಾಡುವ ಆಂಟೆನಾ ಇತ್ತು. ಬೇಸಿಗೆಯಲ್ಲಿ ತೆಂಗಿನ ಮಡಲು ಬಿದ್ದು ಅದು ಮುರಿಯಿತು. ನಾಲ್ಕು ಬೆರಳುದ್ದದ ಮೋಟು ಮಾತ್ರ ಉಳಿಯಿತು. ಕಾರವಾರ ಪೇಟೆಯೊಳಗೆ ಆಕಾಶವಾಣಿಯ 102.3 ಹೇಗೋ ಕೇಳುತ್ತಿತ್ತು. ಬಿಣಗಾ ದಾಟಿ ಅರ್ಗಾ ಕಡೆ ಹೋದರೆ ಬರೀ ಸರಸರ. ಆ ತರಂಗಾಂತರಕ್ಕೆ ಸುಮಾರು 73 ಸೆಂಟಿಮೀಟರ್ ಉದ್ದದ ಕಡ್ಡಿ ಬೇಕು, ಅಂದರೆ ತರಂಗದ ಕಾಲು ಭಾಗ. ಗುಡ್ಡ ಅಡ್ಡ ಬಂದು ಸಂಕೇತ ಕ್ಷೀಣಿಸಿದ ಕಡೆ ಮೋಟಿನಿಂದ ಏನೂ ಆಗದು.

ಆದರೂ ನಾನು ಸುಮ್ಮನಿದ್ದೆ. ಕೈ ಹಾಕುವಂತೆ ಮಾಡಿದ್ದು ಜೂನ್ ತಿಂಗಳ ಮಳೆ. ಎಡಗಡೆ ಕಾಲಿಡುವ ಜಾಗದ ಮ್ಯಾಟು ದಿನವೂ ಒದ್ದೆ. ಗಾಜಿನ ಸುತ್ತಲಿನ ರಬ್ಬರ್ ಹೋಗಿದೆ ಎಂದುಕೊಂಡು ಸಿಲಿಕಾನ್ ಹಚ್ಚಿದೆ, ಪ್ರಯೋಜನವಾಗಲಿಲ್ಲ. ಒಂದು ಸಂಜೆ ಮಗನಿಗೆ ಆಂಟೆನಾದ ಬುಡಕ್ಕೆ ತಂಬಿಗೆಯಿಂದ ನಿಧಾನವಾಗಿ ನೀರು ಸುರಿಯಲು ಹೇಳಿ, ನಾನು ಒಳಗೆ ಕುಳಿತು ಡ್ಯಾಶ್‌ಬೋರ್ಡ್ ಕೆಳಗೆ ಕೈ ತೂರಿಸಿದೆ. ಅರ್ಧ ನಿಮಿಷದಲ್ಲಿ ಆಂಟೆನಾ ವಯರಿನ ಗುಂಟ ಇಳಿದ ತಣ್ಣನೆಯ ಹನಿಯೊಂದು ಬೆರಳಿಗೆ ತಾಗಿತು.

ಗ್ಯಾರೇಜಿನಲ್ಲಿ ಕೇಳಿದೆ. ‘ಮೇಲಿನಿಂದ ಒಂದು ಸಲ ಜಗ್ಗಿ, ಕಿತ್ತು ಬರುತ್ತದೆ’ ಎಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಸಮುದ್ರದ ಗಾಳಿ ತಿಂದ ತೆಳು ತಗಡು ಅದು. ಜಗ್ಗಿದರೆ ತೂತಿನ ಅಂಚು ಹರಿಯುತ್ತದೆ, ಒಳಗಿನ ವಯರೂ ತುಂಡಾಗಿ ಅಲ್ಲೇ ಉಳಿಯುತ್ತದೆ.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆ. ಸ್ಟೀರಿಯೊ ಹೊರಗೆಳೆದು, ಹಿಂಬದಿಯ ಆಂಟೆನಾ ಪ್ಲಗ್ಗನ್ನು ವಯರಿನಿಂದಲ್ಲ, ಪ್ಲಗ್ಗಿನ ಬುಡ ಹಿಡಿದೇ ಎಳೆದೆ. ಆ ಪ್ಲಗ್ಗಿಗೆ ಗಾಳಕ್ಕೆ ಬಳಸುವ ಗಟ್ಟಿ ತಂಗೂಸು ದಾರ ಕಟ್ಟಿದೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ನೆರವಾದದ್ದು ಈ ದಾರವೇ. ಹಳೆಯ ವಯರು ಹೊರಬಂದಾಗ ದಾರ ಅದೇ ಹಾದಿಯಲ್ಲಿ ಉಳಿಯುತ್ತದೆ. ಹೊಸ ವಯರನ್ನು ಅದಕ್ಕೇ ಕಟ್ಟಿ ಒಳಗೆಳೆದುಕೊಳ್ಳಬಹುದು. ಇಲ್ಲದಿದ್ದರೆ ಕತ್ತಲಲ್ಲಿ ತಡಕಾಡಬೇಕು.

ನಿಜವಾದ ಹೋರಾಟ ಆಂಟೆನಾವನ್ನು ಮಡ್‌ಗಾರ್ಡಿಗೆ ಬಿಗಿದಿದ್ದ ನಟ್ಟಿನದು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪಾನಾ ಹಾಕಿದರೆ ನಟ್ಟಿನ ಮೂಲೆಗಳೇ ಸವೆದು ಜಾರತೊಡಗಿದವು. ಸುತ್ತಲಿನ ಬಣ್ಣದ ಮೇಲೆ ಮೂರು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ, ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿಕೊಂಡು ನಟ್ಟಿನ ಒಂದು ಬದಿಯನ್ನು ಕೊಯ್ದೆ. ಮುಕ್ಕಾಲು ಗಂಟೆ ಬೇಕಾಯಿತು. ಚಾಣದಿಂದ ಮೆಲ್ಲನೆ ತಟ್ಟಿದಾಗ ನಟ್ಟು ಸೀಳಿತು.

ಜಾಕ್ ಕೊಟ್ಟು, ಹಿಂದಿನ ಗಾಲಿಗಳಿಗೆ ಕಲ್ಲು ಒಡ್ಡಿ, ಮುಂದಿನ ಗಾಲಿ ಬಿಚ್ಚಿ ಒಳಗೆ ನೋಡಿದೆ. ವರ್ಷಗಟ್ಟಲೆ ಸಿಡಿದ ಕೆಸರು ಬುಡದ ಸುತ್ತ ಹೆಪ್ಪುಗಟ್ಟಿ, ಹಸಿಯಾಗಿಯೇ ಇತ್ತು. ಕೆರೆದು ತೆಗೆದರೆ ಬುಡದ ಹಲ್ಲಿನ ವಾಷರ್ ಕೈಯಲ್ಲಿ ಪುಡಿಯಾಯಿತು. ಆ ಹಲ್ಲುಗಳು ತಗಡನ್ನು ಕಚ್ಚಿ ಹಿಡಿದರೆ ಮಾತ್ರ ವಯರಿನ ಹೊರಗಿನ ಜಾಲರಿಗೆ ಆ ಬುಡದಲ್ಲಿ ಕಾರಿನ ಮೈಯ ಸಂಪರ್ಕ ಸಿಗುತ್ತದೆ. ಅದು ತಪ್ಪಿದರೆ ಕಡ್ಡಿ ಪೂರ್ತಿ ಇದ್ದರೂ ರೇಡಿಯೊ ಸರಸರ ಎನ್ನುತ್ತದೆ. ಹಿತ್ತಾಳೆ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿದ ಕಡೆ ಉಪ್ಪುನೀರು ಸೇರಿದರೆ ಕಬ್ಬಿಣ ಬೇಗ ಸವೆಯುತ್ತದೆ. ಬೈತಖೋಲ ಬಂದರಿನ ಹತ್ತಿರ ಮನೆ ಇರುವ ನಮಗೆ ಇದನ್ನು ಬೇರೆ ಯಾರೂ ಕಲಿಸಬೇಕಿಲ್ಲ.

ಬುಡವನ್ನು ಕೆಳಗಿನಿಂದ ಬಿಡಿಸಿ ವಯರನ್ನು ಎಳೆದುಕೊಂಡೆ, ದಾರ ಹಿಂಬಾಲಿಸಿತು. ಆಗ ಕಂಡದ್ದು ನೋಡಿ ಸಿಟ್ಟು ಬಂತು. ಬಾಗಿಲ ಕಂಬದಲ್ಲಿ ವಯರಿಗಾಗಿ ತೂತು ಕೊರೆದವರು ಅದಕ್ಕೆ ರಬ್ಬರ್ ಬಳೆಯನ್ನೇ ಹಾಕಿರಲಿಲ್ಲ. ಬರಿಯ ತಗಡಿನ ಅಂಚು ವಯರಿನ ಮೇಲ್ಪದರವನ್ನು ಅರ್ಧ ಕೊಯ್ದಿತ್ತು. ನೀರಿಗೆ ಒಳಬರಲು ಅದೇ ಹೆಬ್ಬಾಗಿಲು.

ಎರಡೂ ತೂತುಗಳ ಅಂಚನ್ನು ಲೋಹ ಹೊಳೆಯುವವರೆಗೆ ಎಮರಿ ಕಾಗದದಿಂದ ಉಜ್ಜಿ, ಎರಡು ಸಲ ರೆಡ್ ಆಕ್ಸೈಡ್ ಬಳಿದೆ. ಮಡ್‌ಗಾರ್ಡಿನ ಒಳಬದಿಯಲ್ಲಿ ವಾಷರ್ ಕಚ್ಚುವ ಉಂಗುರದಷ್ಟು ಜಾಗಕ್ಕೆ ಮಾತ್ರ ಬಣ್ಣ ತಾಗಿಸಲಿಲ್ಲ. ಹೊಸ ಆಂಟೆನಾ ಬಿಗಿದ ಮೇಲೆ ಅಲ್ಲಿ ಪೆಟ್ರೋಲಿಯಂ ಜೆಲ್ಲಿ ಮೆತ್ತಿದೆ. ಕಂಬದ ತೂತಿಗೆ ರಬ್ಬರ್ ಬಳೆ ಬಂತು. ವಯರನ್ನು ನೇರ ಒಳಗೆ ಬಿಡದೆ, ತೂತಿಗಿಂತ ಕೆಳಗೆ ಒಂದು ಬಾಗು ಕೊಟ್ಟು ಮೇಲಕ್ಕೆ ತಂದು ಸೇರಿಸಿದೆ. ಗುಂಟ ಇಳಿದ ನೀರು ಬಾಗಿನ ತಳದಲ್ಲೇ ತೊಟ್ಟಿಕ್ಕಬೇಕು.

ಸ್ಟೀರಿಯೊಗೆ ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿದೆ. ಪ್ಲಗ್ಗಿನ ನಡುಮೊಳೆಗೂ ಕಡ್ಡಿಗೂ ಸಂಪರ್ಕವಿತ್ತು. ಪ್ಲಗ್ಗಿನ ಹೊರಮೈಗೂ ಕಾರಿನ ಮೈಗೂ ಇತ್ತು. ನಡುಮೊಳೆಗೂ ಹೊರಮೈಗೂ ಇರಲಿಲ್ಲ, ಇರಲೂಬಾರದು.

ಅರ್ಗಾ ಕಡೆ ಈಗ ವಾರ್ತೆ ಪೂರ್ತಿ ಕೇಳುತ್ತದೆ. ಎಡಗಡೆಯ ಮ್ಯಾಟಿನ ಕೆಳಗೆ ಹಾಸಿದ್ದ ದಿನಪತ್ರಿಕೆಯನ್ನು ನಾಲ್ಕು ದಿನದ ಜಡಿಮಳೆಯ ನಂತರ ಎತ್ತಿ ನೋಡಿದೆ. ಗರಿಗರಿಯಾಗಿತ್ತು.