ಮಗ್ಗಿ ಆಮೇಲೆ, ಮೊದಲು ಹುಣಸೆ ಬೀಜ

ಮೂರ್ನಾಲ್ಕು ವರ್ಷದ ಮಗು ಒಂದರಿಂದ ಇಪ್ಪತ್ತರವರೆಗೆ ಗಡಗಡ ಹೇಳಿದರೆ ಮನೆಯವರಿಗೆಲ್ಲ ಖುಷಿ. ಆದರೆ ಅದೇ ಮಗುವಿಗೆ "ಬುಟ್ಟಿಯಿಂದ ಮೂರು ಉಳ್ಳಾಗಡ್ಡಿ ತಂದುಕೊಡು" ಅಂತ ಹೇಳಿ ನೋಡಿ. ಎಷ್ಟೋ ಮಕ್ಕಳು ಕೈಗೆ ಸಿಕ್ಕಷ್ಟು ತಂದು ಸುರಿಯುತ್ತಾರೆ. ಐದು ಉಳ್ಳಾಗಡ್ಡಿ ಸಾಲಾಗಿ ಇಟ್ಟು ಎಣಿಸಲು ಹೇಳಿದರೆ ಬಾಯಿ ಮುಂದೆ ಓಡುತ್ತದೆ, ಬೆರಳು ಹಿಂದೆ ಉಳಿಯುತ್ತದೆ. ಒಂದನ್ನು ಎರಡು ಸಲ ಮುಟ್ಟಿ ಇನ್ನೊಂದನ್ನು ಬಿಟ್ಟೇ ಬಿಡುತ್ತಾರೆ. ಸರಿಯಾಗಿ ಎಣಿಸಿದ ಮೇಲೂ "ಒಟ್ಟು ಎಷ್ಟು?" ಅಂದರೆ ಮತ್ತೆ ಒಂದರಿಂದ ಶುರು. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಲೆಕ್ಕ ಅನ್ನೋದು ಇನ್ನೂ ಹೊಳೆದಿರುವುದಿಲ್ಲ. ಈ ವಯಸ್ಸಿಗೆ ಇದು ಸಹಜ, ಬೈಯಬೇಡಿ.

ಹಾಗಾದರೆ ಏನು ಮಾಡಬೇಕು? ಊಟದ ಹೊತ್ತಿಗೆ ತಾಟು ಇಡುವ ಕೆಲಸ ಮಗುವಿಗೇ ಬಿಡಿ. ಅಜ್ಜಿಗೊಂದು, ಅಪ್ಪಗೊಂದು, ಕಾಕಾಗೊಂದು. ಬೇಕಂತಲೇ ಒಂದು ತಾಟು ಕಡಿಮೆ ಕೊಡಿ. "ಅವ್ವಾ, ಕಾಕಾಗೆ ತಾಟಿಲ್ಲ!" ಅಂತ ಅದೇ ಕೂಗುತ್ತದೆ. "ಇನ್ನೆಷ್ಟು ಬೇಕು?" ಅಂತ ಕೇಳಿ, ಅಷ್ಟು ಸಾಕು.

ನನಗೆ ಬಹಳ ಇಷ್ಟವಾದ ಆಟ ಹುಣಸೆ ಬೀಜದ್ದು. ನಮ್ಮ ಕೊಪ್ಪಳದ ಕಡೆ ಹುಣಸೆ ಬೀಜಕ್ಕೇನು ಬರ, ಅಲ್ವಾ? ಎರಡು ಬೀಜ ತಗೊಂಡು ಕಲ್ಲಿನ ಮೇಲೆ ಒಂದೊಂದೇ ಬದಿ ಉಜ್ಜಿ. ಕಂದು ಸಿಪ್ಪೆ ಹೋಗಿ ಬಿಳಿ ಕಾಣಬೇಕು. ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದೇ ಸಾಲಿಗೆ ಹತ್ತು ಮನೆ ಬರೆದು, ಎಡದಿಂದ ಬಲಕ್ಕೆ 1ರಿಂದ 10ರವರೆಗೆ ಅಂಕಿ ಹಾಕಿ. ಬೀಜ ಎಸೆದಾಗ ಎಷ್ಟು ಬಿಳಿ ಬಿತ್ತೋ ಅಷ್ಟು ಮನೆ ಮುಂದೆ. ಎರಡೂ ಕಪ್ಪು ಬಿದ್ದರೆ ನಿಂತಲ್ಲೇ ನಿಲ್ಲಬೇಕು. ಸೊನ್ನೆ ಅಂದರೇನು ಅಂತ ಬೇರೆ ಪಾಠವೇ ಬೇಡ!

ಇಲ್ಲೊಂದು ಮುಖ್ಯ ವಿಷಯ ಇದೆ. ಮಗು 4ರ ಮನೆಯಲ್ಲಿದ್ದು ಎರಡು ಬಿಳಿ ಬಿದ್ದರೆ "ಒಂದು, ಎರಡು" ಅಂತ ನಡೆಸಬೇಡಿ, "ಐದು, ಆರು" ಅಂತ ಮನೆಯ ಅಂಕಿ ಓದುತ್ತಾ ನಡೆಸಿ. 2008ರಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅಮೆರಿಕದ ಬಡ ಮನೆಗಳ ಪುಟ್ಟ ಮಕ್ಕಳ ಜೊತೆ ಇಂಥದ್ದೇ ಹತ್ತು ಮನೆಯ ಆಟ ಆಡಿಸಿ ನೋಡಿದ್ದರು. ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ ಹದಿನೈದಿಪ್ಪತ್ತು ನಿಮಿಷ. ಎಣಿಸುವುದು, ಅಂಕಿ ಗುರುತಿಸುವುದು, ಯಾವುದು ದೊಡ್ಡದು ಅಂತ ಹೇಳುವುದು, ಎಲ್ಲದರಲ್ಲೂ ಆ ಮಕ್ಕಳು ಸುಧಾರಿಸಿದರು. ಅಂಕಿ ಇಲ್ಲದೆ ಬರೀ ಬಣ್ಣದ ಮನೆಗಳಲ್ಲಿ ಆಡಿದವರಲ್ಲಿ ಆ ಸುಧಾರಣೆ ಕಾಣಲಿಲ್ಲ.

ಇದು ರೂಢಿಯಾದ ಮೇಲೆ ನಾಲ್ಕು ಬೀಜ ಕೊಡಿ. ಮೂರು ಬಿಳಿ ಒಂದು ಕಪ್ಪು, ಎರಡು ಬಿಳಿ ಎರಡು ಕಪ್ಪು, ಹೇಗೆ ಬಿದ್ದರೂ ನಾಲ್ಕೇ. ಸ್ವಲ್ಪ ದಿನಕ್ಕೆ ಬೆರಳಿಟ್ಟು ಎಣಿಸದೆ ಬರೀ ನೋಡಿಯೇ "ಮೂರು!" ಅನ್ನತೊಡಗುತ್ತಾರೆ. ಮುಂದೆ ಕೂಡುವ ಕಳೆಯುವ ಲೆಕ್ಕಕ್ಕೆ ಇದೇ ಬುನಾದಿ, ಚೌಕಾಬಾರಕ್ಕೂ ಇಲ್ಲಿಂದಲೇ ದಾರಿ.

ಬಚ್ಚಲಲ್ಲಿ ಅಳತೆ ಕಲಿಸಬಹುದು. ಈ ಬಕೆಟ್ಟಿಗೆ ಎಷ್ಟು ತಂಬಿಗೆ ನೀರು ಹಿಡಿಯುತ್ತೆ ಅಂತ ಮೊದಲು ಊಹೆ ಮಾಡಿಸಿ, ಆಮೇಲೆ ಸುರಿದು ನೋಡಲಿ. ಅಗಲ ಬಟ್ಟಲಿನ ನೀರನ್ನು ಉದ್ದ ಲೋಟಕ್ಕೆ ಹಾಕಿದರೆ "ಜಾಸ್ತಿ ಆಯ್ತು" ಅನ್ನುತ್ತಾರೆ. ವಾದ ಮಾಡಬೇಡಿ, ವಾಪಸ್ ಬಟ್ಟಲಿಗೆ ಸುರಿದು ತೋರಿಸಿ. ಆಗಲೂ ಒಪ್ಪದಿದ್ದರೆ ಬಿಡಿ, ಹೆಚ್ಚಿನ ಮಕ್ಕಳಿಗೆ ಇದು ಆರೇಳು ವರ್ಷಕ್ಕೆ ತಾನಾಗೇ ತಿಳಿಯುತ್ತದೆ. ಬಳೆಗಳನ್ನು ಕೆಂಪು-ಹಸಿರು-ಕೆಂಪು-ಹಸಿರು ಜೋಡಿಸಿ "ಮುಂದೆ ಯಾವುದು?" ಅಂತ ಕೇಳುವುದೂ ಗಣಿತವೇ.

ಒಂದು ಎಚ್ಚರಿಕೆ. ಬೀಜ, ಕವಡೆ, ಶೇಂಗಾ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ, ಮೂಗಿಗೂ ತುರುಕಿಕೊಳ್ಳುತ್ತಾರೆ. ಮೂರು ವರ್ಷದೊಳಗಿನವರಿಗೆ ಚಮಚ, ಬಟ್ಟಲು, ಉಳ್ಳಾಗಡ್ಡಿಯೇ ಸಾಕು. ದೊಡ್ಡವರಾದರೂ ಬೀಜದಾಟಕ್ಕೆ ನೀವು ಪಕ್ಕದಲ್ಲೇ ಕೂತಿರಿ, ಮುಗಿದ ಮೇಲೆ ಎಣಿಸಿ ಡಬ್ಬಿಗೆ ಹಾಕಿಸಿ.

ಬೇಸರ ಬಂದು ಮಗು ಎದ್ದು ಹೋದರೆ ಕರೆದು ಕೂರಿಸಬೇಡಿ, ನಾಳೆ ಆಡಿದರಾಯ್ತು. ಅಂಕಿ ತಿದ್ದಿಸುವುದಕ್ಕೂ ಅವಸರ ಬೇಡ, ಪೆನ್ಸಿಲ್ ಹಿಡಿಯುವಷ್ಟು ಬೆರಳು ಗಟ್ಟಿಯಾಗಲಿ.