ಎಂಜಿನ್ ಆಯಿಲ್ ಸೋರುತ್ತಿದೆಯಾ? ಮೊದಲು ಪೌಡರ್ ಡಬ್ಬಿ, ಆಮೇಲೆ ಸ್ಪ್ಯಾನರ್

ಅಂಗಳದಲ್ಲಿ ಅಮ್ಮ ರಂಗೋಲಿ ಹಾಕುವ ಜಾಗದ ಪಕ್ಕದಲ್ಲೇ ಅಂಗೈ ಅಗಲದ ಕಪ್ಪು ಕಲೆ. ನಮ್ಮ ಹನ್ನೆರಡು ವರ್ಷದ ಸಣ್ಣ ಕಾರು ಸೋರುತ್ತಿದೆ ಅಂತ ಗೊತ್ತಾಗಿದ್ದು ಹಾಗೆ. ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಕೆಳಗೆ ಒಮ್ಮೆ ಇಣುಕಿ, "ಎಂಜಿನ್ ಹಿಂಬದಿಯ ಆಯಿಲ್ ಸೀಲ್ ಹೋಗಿದೆ ಸಾರ್, ಗೇರ್ ಬಾಕ್ಸ್ ಇಳಿಸಬೇಕು" ಅಂದ. ಇಳಿಸಿದ, ಸೀಲ್ ಹಾಕಿದ, ಎರಡು ದಿನದ ಕೂಲಿ ತಗೊಂಡ. ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಕಲೆ! ನಿಜಕ್ಕೂ ಸೋರುತ್ತಿದ್ದುದು ಎಂಜಿನ್ ತಲೆಯ ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್. ಕೆಲವು ನೂರು ರೂಪಾಯಿಯ ರಬ್ಬರು.

ಆಮೇಲೆ ನೆಂಟರಿಷ್ಟರ ಕಾರುಗಳಲ್ಲೂ ಇದೇ ಕತೆ ನೋಡಿದ್ದೇನೆ. ಎಲ್ಲರೂ ಹನಿ ಬೀಳುವ ಜಾಗ ನೋಡುತ್ತಾರೆ, ಹುಟ್ಟುವ ಜಾಗ ಹುಡುಕುವುದಿಲ್ಲ.

1. ಏನು ಸೋರುತ್ತಿದೆ ನೋಡಿ. ರಾತ್ರಿ ಎಂಜಿನ್ ಕೆಳಗೆ ಹಳೇ ಪೇಪರ್ ಹಾಸಿ. ಕಂದು ಇಲ್ಲವೇ ಕಪ್ಪು ಜಿಡ್ಡಾದರೆ ಎಂಜಿನ್ ಆಯಿಲ್. ಕೆಂಪಗಿದ್ದರೆ ಪವರ್ ಸ್ಟಿಯರಿಂಗ್ ಅಥವಾ ಆಟೊಮ್ಯಾಟಿಕ್ ಗೇರ್ ಬಾಕ್ಸಿನದ್ದು ಇರಬಹುದು. ಹಸಿರು, ಗುಲಾಬಿ ಬಣ್ಣವಿದ್ದು ಸಿಹಿ ವಾಸನೆ ಬಂದರೆ ಕೂಲಂಟ್. ಬರೀ ನೀರಾದರೆ ಎ.ಸಿ.ಯದ್ದು, ಆರಾಮಾಗಿರಿ.

2. ಡಿಪ್‌ಸ್ಟಿಕ್ (ಎಣ್ಣೆ ಅಳೆಯುವ ಕಡ್ಡಿ) ಎಳೆದು ಮಟ್ಟ ನೋಡಿ. ಕೆಳಗಿನ ಗೆರೆಗಿಂತ ಇಳಿದಿದ್ದರೆ ಎಣ್ಣೆ ಹಾಕದೆ ಸ್ಟಾರ್ಟ್ ಮಾಡಬೇಡಿ.

3. ತೊಳೆಯಿರಿ, ಪೌಡರ್ ಹಚ್ಚಿ, ಹುಡುಕಿ. ಎಲ್ಲರೂ ಹಾರಿಸಿಬಿಡುವ ಹಂತ ಇದೇ. ಎಣ್ಣೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹೀಗಾಗಿ ಕವರಿನ ಮೂಲೆಯಲ್ಲಿ ಒಸರಿದ್ದು ಗೇರ್ ಬಾಕ್ಸ್ ಸೇರುವ ಜಾಗದಲ್ಲಿ ತೊಟ್ಟಿಕ್ಕುತ್ತದೆ. ನಮ್ಮ ಮೆಕ್ಯಾನಿಕ್ ಮೋಸ ಹೋಗಿದ್ದು ಅಲ್ಲೇ.

ಎಂಜಿನ್ ತಣ್ಣಗಾದ ಮೇಲೆ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ) ಸಿಂಪಡಿಸಿ, ಹಳೇ ಟೂತ್ ಬ್ರಷ್‌ನಿಂದ ಸಂದುಗೊಂದು ಉಜ್ಜಿ ಒರೆಸಿ. ಪೆಟ್ರೋಲ್ ಮುಟ್ಟಲೇಬೇಡಿ, ಬೆಂಕಿಯ ಜೊತೆ ಆಟ ಅದು. ಆಲ್ಟರ್ನೇಟರ್, ಕಾಯಿಲ್, ವೈರಿಂಗ್ ಕನೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ವಾಟರ್ ಸರ್ವಿಸ್‌ನವರ ಪ್ರೆಶರ್ ಪೈಪು ಬೇಡ. ಒಂದು ಮಗ್ ನೀರು ಸಾಕು.

ಪೂರ್ತಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಜೋಡಣೆಗಳ ಗುಂಟ ತೆಳುವಾಗಿ ಉದುರಿಸಿ. ಬೆಲ್ಟ್ ಇರುವ ಕಡೆ ಬೇಡ. ಹದಿನೈದು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ, ಟಾರ್ಚ್ ಹಿಡಿದು ನೋಡಿ. ಬಿಳಿ ಪುಡಿಯ ಮೇಲೆ ಕಾಫಿ ಬಣ್ಣದ ಸಣ್ಣ ಗೆರೆ ಮೂಡಿರುತ್ತದೆ. ಆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿ. ಅತಿ ಎತ್ತರದಲ್ಲಿ ಒದ್ದೆಯಾದ ಬಿಂದುವೇ ಕಳ್ಳ. ಕಣ್ಣು ಹೋಗದ ಕಡೆ ಮೊಬೈಲ್ ತೂರಿಸಿ ವಿಡಿಯೊ ಮಾಡಿ. ಏನೂ ಕಾಣದಿದ್ದರೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ. ಕೆಲವು ಸೀಲ್‌ಗಳು ಬಿಸಿ ಏರಿದ ಮೇಲಷ್ಟೇ ಒಸರುತ್ತವೆ.

ನಾನು ನೋಡುವ ಕ್ರಮ ಹೀಗೆ: ಟ್ಯಾಪೆಟ್ ಕವರ್, ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರ್, ಎಣ್ಣೆ ಇಳಿಸುವ ಡ್ರೇನ್ ಬೋಲ್ಟ್, ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರ್. ಇತ್ತೀಚೆಗೆ ಸರ್ವಿಸ್ ಆಗಿದ್ದರೆ ಮೊದಲ ಅನುಮಾನ ಫಿಲ್ಟರ್ ಮೇಲೆ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೆ ಅಂಟಿಕೊಂಡೇ ಉಳಿದು, ಅದರ ಮೇಲೆ ಹೊಸ ಫಿಲ್ಟರ್ ಕೂತಿರುತ್ತದೆ. ಎರಡು ರಿಂಗ್ ಇದ್ದರೆ ಸೋರದೆ ಇನ್ನೇನು?

ಕ್ರ್ಯಾಂಕ್ ಪುಲ್ಲಿ (ಎಂಜಿನ್ ಬದಿಯಲ್ಲಿ ಬೆಲ್ಟ್ ತಿರುಗಿಸುವ ಚಕ್ರ) ಕಡೆ ಒದ್ದೆಯಿದ್ದರೆ ತಡ ಮಾಡಬೇಡಿ. ಆಲ್ಟೊ 800ರಂತೆ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನುಗಳಲ್ಲಿ ಎಣ್ಣೆ ತಾಗಿದ ಬೆಲ್ಟ್ ಬೇಗ ಹಾಳಾಗುತ್ತದೆ. ಆ ಕೆಲಸ ಮನೆಯಲ್ಲಿ ಬೇಡ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬಿದ್ದು ಹೊಗೆ ಬರುತ್ತಿದ್ದರೆ ಗಾಡಿ ಓಡಿಸಲೇಬೇಡಿ.

4. ಬ್ರೀದರ್, ಅಂದರೆ ಎಂಜಿನ್ ಒಳಗಿನ ಗಾಳಿ ಹೊರಹೋಗುವ ದಾರಿ, ನೋಡಿ. ಅದರಲ್ಲಿನ ಪಿಸಿವಿ ವಾಲ್ವ್ ಕಟ್ಟಿಕೊಂಡರೆ ಎಂಜಿನ್ ಒಳಗೆ ಒತ್ತಡ ಏರಿ ಎಣ್ಣೆಯನ್ನು ಹೊರಕ್ಕೆ ದಬ್ಬುತ್ತದೆ. ಅದು ಹಾಗೇ ಇದ್ದರೆ ಹೊಸ ಪ್ಯಾಕಿಂಗೂ ಸೋರುತ್ತದೆ.

5. ಪ್ಯಾಕಿಂಗ್ ಬದಲಿಸಿ. ಫಿಲ್ಟರ್ ಆದರೆ ಹೊಸ ರಿಂಗಿಗೆ ಎಣ್ಣೆ ಸವರಿ, ರಬ್ಬರ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಡ್ರೇನ್ ಬೋಲ್ಟಿಗೆ ಹೊಸ ವಾಷರ್. ಅಷ್ಟೇ. ಕಾರಿನ ಕೆಳಗೆ ಹೋಗುವುದಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ.

ಟ್ಯಾಪೆಟ್ ಕವರ್ ಮಾತ್ರ ತಾಳ್ಮೆ ಕೇಳುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಮೊದಲು ಫೋಟೊ ತೆಗೆದಿಟ್ಟು, ಆಮೇಲೆ ಕಾಯಿಲ್, ಪೈಪು ಬಿಚ್ಚಿ. ಕವರ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಶಾಶ್ವತ ಸೋರಿಕೆ. ಹಳೇ ರಬ್ಬರ್ ಬಿಸ್ಕತ್ತಿನಂತೆ ಮುರಿಯುತ್ತದೆ. ಚೂರುಗಳು ಒಳಗೆ ಬೀಳದಂತೆ ಆರಿಸಿ. ಎರಡೂ ಮುಖ ಒರೆಸಿ ಒಣಗಿಸಿ. ಸ್ಪಾರ್ಕ್ ಪ್ಲಗ್ ಗುಂಡಿಯ ಸುತ್ತ ರಬ್ಬರ್ ಇದ್ದರೆ ಅದನ್ನೂ ಬದಲಿಸಿ.

ಸಿಲಿಕೋನ್ ಗಮ್ ಬಗ್ಗೆ ನನಗೆ ಸಿಟ್ಟಿದೆ. ಕೆಲವರು ರೊಟ್ಟಿಗೆ ಬೆಣ್ಣೆ ಬಳಿದಂತೆ ಸುತ್ತಲೂ ಬಳಿಯುತ್ತಾರೆ. ಒಳಗೆ ಉಕ್ಕಿದ ಗಮ್ ಕಿತ್ತು ಹೋಗಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಟೈಮಿಂಗ್ ಚೈನ್ ಕವರ್ ಮತ್ತು ಎಂಜಿನ್ ತಲೆ ಸೇರುವ ಮೂಲೆಗೆ ಕಡಲೆಕಾಳಿನಷ್ಟು ಹಚ್ಚಿ, ಅದೂ ಕೈಪಿಡಿ ಹೇಳಿದ್ದರೆ.

ಬೋಲ್ಟ್‌ಗಳನ್ನು ಕೈಯಲ್ಲಿ ಕೂರಿಸಿ, ನಡುವಿನಿಂದ ಹೊರಕ್ಕೆ, ಅತ್ತ ಒಂದು ಇತ್ತ ಒಂದು, ಮೂರು ಸುತ್ತಿನಲ್ಲಿ ಬಿಗಿಸಿ. ಸಣ್ಣ ಕಾರುಗಳಲ್ಲಿ ಬಿಗಿ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು. ಸರಿಯಾದ ಅಂಕಿ ಕೈಪಿಡಿಯಲ್ಲಿ ಸಿಗುತ್ತದೆ. ಟಾರ್ಕ್ ರೆಂಚ್ (ಬಿಗಿ ಅಳೆಯುವ ಸ್ಪ್ಯಾನರ್) ಇಲ್ಲದಿದ್ದರೆ ಯಾರದ್ದಾದರೂ ಎರವಲು ತನ್ನಿ. "ಇನ್ನೊಂಚೂರು ಇರಲಿ" ಅಂತ ತಿರುಗಿಸಿದ ಆ ಒಂಚೂರಿನಲ್ಲೇ ರಬ್ಬರ್ ಹಿಸುಕಿ ಆಚೆ ಬರುತ್ತದೆ, ಇಲ್ಲವೇ ಥ್ರೆಡ್ ಹೋಗುತ್ತದೆ.

ಇನ್ನು ಅಂಗಡಿಯಲ್ಲಿ ಸಿಗುವ ‘ಸೋರಿಕೆ ನಿಲ್ಲಿಸುವ’ ಬಾಟಲಿ. ಒಣಗಿ ಗಟ್ಟಿಯಾದ ಸೀಲನ್ನು ಅದು ಕೊಂಚ ಉಬ್ಬಿಸಬಹುದು. ಬಿರುಕು ಬಿಟ್ಟ ಪ್ಯಾಕಿಂಗನ್ನು ಬೆಸೆಯುವುದಿಲ್ಲ. ಮಾರುವ ಕಾರಿಗೂ ಕೆಲವರು ಇದನ್ನು ಹಾಕುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಂಜಿನ್ ಬಹಳ ಥಳಥಳ ಹೊಳೆಯುತ್ತಿದ್ದರೂ ಎರಡು ಬಾರಿ ನೋಡಿ.

6. ಒಂದು ವಾರ ಪೇಪರ್ ಹಾಸಿ. ಮೊದಲೆರಡು ದಿನ ಒಂದೆರಡು ಹನಿ ಕಂಡರೆ ಗಾಬರಿ ಬೇಡ, ಸಂದಿಯಲ್ಲಿ ನಿಂತಿದ್ದ ಹಳೇ ಎಣ್ಣೆ ಇಳಿಯುತ್ತಿರುತ್ತದೆ. ನಾಲ್ಕನೇ ದಿನವೂ ಬಿದ್ದರೆ ಪೌಡರ್ ಡಬ್ಬಿ ಮತ್ತೆ ತೆಗೆಯಿರಿ.